ಪಿಂಗಾಣಿಯ ಬಟ್ಟಲು, ಮುತ್ತಲದ ಎಲೆ

ಅರಸರ ವಂಶಾವಳಿಗಳನ್ನೂ ಯುದ್ಧಗಳ ತಾರೀಖುಗಳನ್ನೂ ಚರಿತ್ರೆಯೆಂದು ಓದುವುದು ನಮಗೆ ರೂಢಿಯಾಗಿದೆ. ಆ ಅರಸನು ಯಾವ ಪಾತ್ರೆಯಲ್ಲಿ ಉಂಡನು, ಅವನ ಎದುರಿಗೆ ಕುಳಿತವನ ಮುಂದೆ ಯಾವ ಪಾತ್ರೆಯನ್ನಿಟ್ಟರು, ಊಟವಾದ ಮೇಲೆ ಅದನ್ನು ಯಾರು ತೊಳೆದರು ಎಂದು ವಿಚಾರಿಸುವವರು ಕಡಮೆ. ಇವು ಅಡಿಗೆಯ ಮನೆಯ ಪ್ರಶ್ನೆಗಳು, ವಿದ್ವಾಂಸರ ಪ್ರಶ್ನೆಗಳಲ್ಲ ಎಂದು ಕೆಲವರು ಭಾವಿಸಬಹುದು. ಆದರೆ ಒಂದು ಸಮಾಜವು ತನ್ನಲ್ಲಿ ಯಾರನ್ನು ಮೇಲೆಂದೂ ಯಾರನ್ನು ಹೊರಗೆಂದೂ ಎಣಿಸಿತೆಂಬುದು ಶಾಸನಗಳಿಂದ ತಿಳಿಯುವುದಕ್ಕಿಂತ ಹೆಚ್ಚಾಗಿ ಪಂಕ್ತಿಯಿಂದ ತಿಳಿಯುತ್ತದೆ. ಆದಕಾರಣ ಈ ಹೊತ್ತು ಪಿಂಗಾಣಿಯ ಪಾತ್ರೆಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮೊದಲು ಒಂದು ಬಟ್ಟಲಿನ ಕಥೆ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ದಾರಿಯಲ್ಲಿ ಕಮಲಾಪುರವೆಂಬ ಊರುಂಟು. ಅಲ್ಲಿಯ ಕೆಂಪು ಬಾಳೆಯ ಹಣ್ಣು ಪ್ರಸಿದ್ಧವಾದುದು. ನಮ್ಮ ಅಜ್ಜಿಯ ಮನೆ ಆ ಊರಿನಲ್ಲಿದ್ದಿತು. ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಒಂದು ಕಪ್ಪು, ಒಂದು ಬಶಿ. ಬಿಳಿಯ ಪಿಂಗಾಣಿ, ಅಂಚಿಗೆ ಬಂಗಾರದ ಗೆರೆ, ಮೈಮೇಲೆ ಗುಲಾಬಿಯ ಹೂವುಗಳು. ಒಳಗಿನ ಹಿತ್ತಾಳೆಯ ವಾಟಗ, ತಂಬಿಗೆ, ಗಂಗಾಳಗಳಿಗಿಂತ ಅದು ನನ್ನ ಕಣ್ಣಿಗೆ ಎಷ್ಟೋ ಚೆಲುವಾಗಿ ಕಾಣುತ್ತಿದ್ದಿತು. ಅಜ್ಜನವರ ಸ್ನೇಹಿತರಾದ ಉರ್ದು ಮಾಸ್ತರರು ಸಂಜೆ ಬಂದಾಗ ಅಜ್ಜಿಯು ಅದರಲ್ಲಿಯೇ ಚಹಾ ತಂದು, "ತಗೋರಿ ಮಾಸ್ತರ" ಎಂದು ಜಗುಲಿಯ ಮೇಲೆ ಇಡುತ್ತಿದ್ದರು. ನನಗೂ ಅದರಲ್ಲಿಯೇ ಚಹಾ ಬೇಕೆಂದು ಹಟ ಮಾಡಿದರೆ, "ಅದು ಮಾಸ್ತರರದು" ಎಂಬುದೊಂದೇ ಉತ್ತರ. ಮಾಸ್ತರರು ಎಷ್ಟು ದೊಡ್ಡವರು, ಅವರಿಗೆಂದೇ ಇಂತಹ ಬಟ್ಟಲನ್ನು ಇಟ್ಟಿದ್ದಾರೆ ಎಂದು ನಾನು ಬಹುಕಾಲ ತಿಳಿದುಕೊಂಡಿದ್ದೆನು. ಹೊರಡುವ ಮುಂಚೆ ಅವರು ಅಂಗಳಕ್ಕಿಳಿದು, ತಾವೇ ನೀರು ಹಾಕಿಕೊಂಡು ಆ ಕಪ್ಪನ್ನು ತೊಳೆದು ಮತ್ತೆ ಗೂಡಿನಲ್ಲಿಡುತ್ತಿದ್ದುದನ್ನು ನಾನು ಕಂಡಿದ್ದೆನಾದರೂ ಅದರ ಅರ್ಥವನ್ನು ಕೇಳಿರಲಿಲ್ಲ. ಆ ಅರ್ಥವನ್ನು ತಿಳಿಯಲು ಆರುನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಪಿಂಗಾಣಿ ಎಂಬ ಶಬ್ದವು ಪಾರಸಿಯ 'ಪಿಂಗಾನ್' ಎಂಬುದರಿಂದ ಬಂದುದು. ಬಟ್ಟಲೆಂದು ಅದರ ಅರ್ಥ. ಅರಬರ ಬಾಯಲ್ಲಿ ಅದೇ 'ಫಿಂಜಾನ್' ಆಯಿತು. ಹೆಸರು ಪಾರಸಿಯಾದರೂ ವಸ್ತುವು ಚೀನಾ ದೇಶದ್ದು. ನುಣುಪಾದ ಒಂದು ಬಗೆಯ ಬಿಳಿಯ ಮಣ್ಣನ್ನೂ ಕಲ್ಲಿನ ಪುಡಿಯನ್ನೂ ಕೂಡಿಸಿ, ಸುಮಾರು 1300 ಡಿಗ್ರಿಯ ಉಷ್ಣದಲ್ಲಿ ಸುಟ್ಟರೆ ಮಣ್ಣು ಮಣ್ಣಾಗಿ ಉಳಿಯದೆ ಗಾಜಿನಂತೆ ಬಿಗಿಯುತ್ತದೆ. ಕುಂಬಾರನ ಮಡಕೆಯು ನೀರನ್ನು ಹೀರುವುದು, ಪಿಂಗಾಣಿಯು ಹೀರದು. ಬೆರಳಿನಿಂದ ತಟ್ಟಿದರೆ ಕಂಚಿನಂತೆ ನಾದಗೊಡುವುದು. ಈ ಗುಟ್ಟು ಯುರೋಪಿಗೆ ತಿಳಿದುದು ಹದಿನೆಂಟನೆಯ ಶತಮಾನದ ಮೊದಲ ದಶಕದಲ್ಲಿ, ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ. ಅಲ್ಲಿಯ ಮೈಸೆನ್ ಪಟ್ಟಣದ ಕಾರ್ಖಾನೆಯು 1710ರಲ್ಲಿ ಸ್ಥಾಪಿತವಾಯಿತು. ಅದುವರೆಗೆ ಲೋಕವೆಲ್ಲವೂ ಚೀನಾದ ಹಡಗಿನ ದಾರಿಯನ್ನೇ ಕಾಯಬೇಕಾಗಿದ್ದಿತು. ಹಾಗೆ ಕಾದವರಲ್ಲಿ ದಖ್ಖಣದ ಸುಲ್ತಾನರೂ ಸೇರಿದ್ದರು.

ಚಿನ್ನ ಬೆಳ್ಳಿಗಳಿಗೆ ಕೊರತೆಯಿಲ್ಲದ ಸುಲ್ತಾನನು ಸುಟ್ಟ ಮಣ್ಣಿಗೇಕೆ ಆಸೆಪಟ್ಟನೆಂದು ಕೇಳಬಹುದು. ಇದಕ್ಕೆ ಧಾರ್ಮಿಕವಾದ ಒಂದು ಕಾರಣವಿದ್ದಿತು. ಚಿನ್ನ ಬೆಳ್ಳಿಯ ಪಾತ್ರೆಗಳಲ್ಲಿ ಉಣ್ಣಬಾರದು, ಕುಡಿಯಬಾರದು ಎಂಬುದು ಇಸ್ಲಾಮಿನ ಸಂಪ್ರದಾಯದಲ್ಲಿ ಬಂದ ವಿಧಿ. ಎಲ್ಲ ಅರಸರೂ ಇದನ್ನು ಪಾಲಿಸಿದರೆಂದು ಹೇಳಲಾಗುವುದಿಲ್ಲ. ಆದರೆ ವಿಧಿಯಿದ್ದುದರಿಂದ, ದೊರೆತನಕ್ಕೆ ತಕ್ಕುದಾಗಿಯೂ ಧರ್ಮಕ್ಕೆ ವಿರೋಧವಿಲ್ಲದೆಯೂ ಇರುವ ಬೇರೊಂದು ಪಾತ್ರೆ ಬೇಕಾಯಿತು. ದೂರದೇಶದಿಂದ ಬಂದ, ಬೆಲೆಯುಳ್ಳ, ಹೊಳೆಯುವ ಪಿಂಗಾಣಿಯು ಆ ಸ್ಥಾನವನ್ನು ತುಂಬಿತು. ದೆಹಲಿಯ ಫಿರೋಜ್ ಶಹ ತುಘಲಕನು (1351-1388) ಚಿನ್ನ ಬೆಳ್ಳಿಯ ಪಾತ್ರೆಗಳ ಬಳಕೆಯನ್ನು ನಿಲ್ಲಿಸಿದೆನೆಂದು ತನ್ನ ಬರವಣಿಗೆಯಲ್ಲಿ ತಾನೇ ಹೇಳಿಕೊಂಡಿದ್ದಾನೆ. ಆ ಕಾಲದ ದೆಹಲಿಯ ಅರಮನೆಯ ನೆಲದಲ್ಲಿ ನೀಲಿ ಚಿತ್ತಾರದ ಚೀನಾ ತಟ್ಟೆಗಳ ರಾಶಿಯೇ ಇಪ್ಪತ್ತನೆಯ ಶತಮಾನದಲ್ಲಿ ಒಡೆದ ಸ್ಥಿತಿಯಲ್ಲಿ ದೊರೆತಿದೆ.

ಆ ದೆಹಲಿಯಿಂದ ಸಿಡಿದು ಬೇರಾದ ರಾಜ್ಯವೇ ಬಹಮನಿ ರಾಜ್ಯ. 1347ರಲ್ಲಿ ಹುಟ್ಟಿದ ಈ ರಾಜ್ಯಕ್ಕೆ ಕಲಬುರಗಿಯು ರಾಜಧಾನಿಯಾಯಿತು. ಕೋಟೆಯೊಳಗಿನ ಜಾಮಿ ಮಸೀದಿಯು 1367ರದು. ಅಂಗಳವನ್ನೇ ಬಿಡದೆ ಇಡೀ ಮಸೀದಿಗೆ ಚಾವಣಿಯಿಟ್ಟಿರುವುದರಿಂದ ಅದನ್ನು ನೋಡಿದವರು ಮರೆಯಲಾರರು. ಈ ವಂಶದ ಫಿರೋಜ್ ಶಹನು (1397-1422) ವಿದ್ಯೆಯಲ್ಲಿಯೂ ವಿಲಾಸದಲ್ಲಿಯೂ ಸಮಾನವಾದ ಆಸಕ್ತಿಯುಳ್ಳವನು. ಭೀಮಾ ನದಿಯ ತೀರದಲ್ಲಿ ಫಿರೋಜಾಬಾದೆಂಬ ಹೊಸ ಪಟ್ಟಣವನ್ನು ಕಟ್ಟಿಸಿದವನು. ಇವನು ಪ್ರತಿವರ್ಷವೂ ಗೋವೆ ಮತ್ತು ಚೌಲ ಬಂದರುಗಳಿಂದ ಹಡಗುಗಳನ್ನು ಕಳುಹಿಸಿ, ನಾನಾ ದೇಶಗಳ ಅಪೂರ್ವ ವಸ್ತುಗಳನ್ನು ತರಿಸುತ್ತಿದ್ದನೆಂದು, ಎರಡು ಶತಮಾನಗಳ ತರುವಾಯ ಬಿಜಾಪುರದಲ್ಲಿ ಕುಳಿತು ಚರಿತ್ರೆ ಬರೆದ ಫೆರಿಷ್ತನು ಹೇಳುತ್ತಾನೆ. ಸಮುದ್ರವಿಲ್ಲದ ಕಲಬುರಗಿಯ ಅರಸನಿಗೆ ಸಮುದ್ರದಾಚೆಯ ವಸ್ತುಗಳೇ ಪ್ರತಿಷ್ಠೆಯ ಗುರುತಾಗಿದ್ದುವು.

ಫಿರೋಜನ ತಮ್ಮ ಅಹಮದ ಶಹನ ಕಾಲದಲ್ಲಿ (1422-1436) ರಾಜಧಾನಿಯು ಬೀದರಿಗೆ ಹೋಯಿತು. ಅಲ್ಲಿಗೆ 1469ರ ಸುಮಾರಿಗೆ ಅಫನಾಸಿ ನಿಕಿತಿನನೆಂಬ ರಷ್ಯದ ವರ್ತಕನು ಬಂದನು. ಬೀದರಿನ ಸುಲ್ತಾನನ ಮೆರವಣಿಗೆಯನ್ನೂ ಆಳಂದದ ಜಾತ್ರೆಯಲ್ಲಿ ಮಾರಾಟಕ್ಕೆ ಬರುತ್ತಿದ್ದ ಸಾವಿರಾರು ಕುದುರೆಗಳನ್ನೂ ಅವನು ವರ್ಣಿಸಿದ್ದಾನೆ. ಚೀನಾದ ಬಂದರನ್ನು ಕುರಿತು ಬರೆಯುತ್ತ, ಅಲ್ಲಿ 'ಚೀನಿ'ಯನ್ನು ತಯಾರಿಸುತ್ತಾರೆ, ತೂಕದ ಮೇಲೆ ಮಾರುತ್ತಾರೆ, ಅದು ಅಗ್ಗ ಎಂದಿದ್ದಾನೆ. ಚೀನಾಕ್ಕೆ ಹೋಗದ ಈ ವರ್ತಕನಿಗೆ ಈ ಸುದ್ದಿಯು ದಾರಿಯ ವ್ಯಾಪಾರಿಗಳಿಂದ ತಿಳಿದಿರಬೇಕು. ಹುಟ್ಟಿದೂರಿನಲ್ಲಿ ತೂಕಕ್ಕೆ ಮಾರುವ ಪದಾರ್ಥವು ಕಡಲನ್ನೂ ಘಟ್ಟವನ್ನೂ ದಾಟಿ ಬರುವಷ್ಟರಲ್ಲಿ ಸುಲ್ತಾನರ ದಸ್ತರಖಾನಿಗೆ ತಕ್ಕ ಪದಾರ್ಥವಾಗುತ್ತಿದ್ದಿತು. ತೆಳು ಹಸುರು ಬಣ್ಣದ ಒಂದು ಬಗೆಯ ಪಿಂಗಾಣಿಗೆ ಇನ್ನೊಂದು ಮಹಿಮೆಯನ್ನೂ ಹೇಳುತ್ತಿದ್ದರು. ವಿಷ ಬೆರೆತ ಆಹಾರವನ್ನು ಅದರಲ್ಲಿ ಬಡಿಸಿದರೆ ಅದು ಬಣ್ಣಗೆಡುವುದು, ಇಲ್ಲವೆ ಸೀಳುವುದು ಎಂಬ ನಂಬಿಕೆ. ಅಂತಹ ತಟ್ಟೆಯಲ್ಲಿ ಉಣ್ಣುವವನು ತಾನು ವಿಷವಿಕ್ಕಿಸಿಕೊಳ್ಳತಕ್ಕಷ್ಟು ದೊಡ್ಡವನೆಂದು ಸಾರಿದಂತೆಯೇ ಸರಿ!

ಇದು ದಸ್ತರಖಾನಿನ ಮಾತಾಯಿತು. ಇನ್ನು ಅದೇ ನಾಡಿನ ಹಿಂದೂ ಪಂಕ್ತಿಯನ್ನು ನೋಡೋಣ. ಇಲ್ಲಿ ವಿಧಿಯು ತಲೆಕೆಳಗಾಗಿದ್ದಿತು. ಧರ್ಮಶಾಸ್ತ್ರದ ಪ್ರಕಾರ ಲೋಹದ ಪಾತ್ರೆಯು ಮೈಲಿಗೆಯಾದರೆ ಬೂದಿ, ಹುಳಿ, ನೀರುಗಳಿಂದ ಶುದ್ಧವಾಗುತ್ತದೆ. ಮಣ್ಣಿನ ಪಾತ್ರೆಯಾದರೋ ಮರಳಿ ಸುಡದ ಹೊರತು ಶುದ್ಧವಾಗದು. ಆದುದರಿಂದ ಚಿನ್ನ, ಬೆಳ್ಳಿ, ಕಂಚು, ಹಿತ್ತಾಳೆಗಳು ಮೇಲಾದುವು, ಮಣ್ಣು ಕೆಳಗಾಯಿತು. ಇವೆಲ್ಲಕ್ಕಿಂತಲೂ ಮಡಿಯಾದುದು ಎಲೆ. ಕರಾವಳಿಯಲ್ಲಿ ಬಾಳೆಯ ಎಲೆ, ಕಲಬುರಗಿಯ ಕಡೆಯಲ್ಲಿ ಮುತ್ತಲದ ಎಲೆಯನ್ನು ಕಡ್ಡಿಯಿಂದ ಹೆಣೆದ ಪತ್ರಾವಳಿ. ಒಮ್ಮೆ ಉಂಡು ಎಸೆದರೆ ಎಂಜಲಿನ ಮಾತೇ ಮುಗಿಯಿತು. ಪಿಂಗಾಣಿಯು ನೀರನ್ನು ಹೀರದಿದ್ದರೂ, ಗಾಜಿನಂತೆ ನಿರ್ಮಲವಾಗಿದ್ದರೂ, ಹುಟ್ಟಿನಿಂದ ಅದು ಮಣ್ಣು. ಗುಣವನ್ನು ನೋಡದೆ ಹುಟ್ಟನ್ನು ನೋಡುವ ಪದ್ಧತಿಯು ಪಾತ್ರೆಗಳಿಗೂ ಅನ್ವಯಿಸಿತೆಂದು ಹೇಳಬೇಕಾಗಿದೆ.

ಬಹಮನಿ ರಾಜ್ಯವು ಹುಟ್ಟುವುದಕ್ಕೆ ಕೆಲವೇ ವರ್ಷಗಳ ಮುಂಚೆ, 1342ರ ಸುಮಾರಿಗೆ, ಇಬ್ನ್ ಬತೂತನು ನಮ್ಮ ಪಶ್ಚಿಮ ಕರಾವಳಿಯನ್ನು ಹಾದುಹೋದನು. ಹೊನ್ನಾವರದ ಮುಸಲ್ಮಾನ ಒಡೆಯನ ಮನೆಯಲ್ಲಿ ಅವನು ಮಾಡಿದ ಊಟದ ವರ್ಣನೆಯನ್ನು ಓದಿದರೆ ಕನ್ನಡಿಗರಿಗೆ ನಗು ಬಾರದಿರದು. ತಾಮ್ರದ ಮಣೆ, ಅದರ ಮೇಲೆ ತಾಮ್ರದ ಹರಿವಾಣ, ಸೌಟಿನಿಂದ ಅನ್ನ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಕಡೆಯಲ್ಲಿ ಮೊಸರು. ಧರ್ಮ ಬೇರೆಯಾದರೂ ಬಡಿಸುವ ಕ್ರಮವು ನಾಡಿನದೇ. ಅದೇ ಯಾತ್ರಿಕನು ಮಲಬಾರಿನ ವಿಷಯದಲ್ಲಿ ಬರೆಯುವ ಮಾತು ಅಷ್ಟು ಹಿತವಾದುದಲ್ಲ. ಅಲ್ಲಿಯ ಹಿಂದೂಗಳ ಮನೆಯೊಳಕ್ಕೆ ಮುಸಲ್ಮಾನನು ಹೋಗುವಂತಿಲ್ಲ. ಅವರ ಪಾತ್ರೆಯಲ್ಲಿ ಉಣ್ಣುವಂತಿಲ್ಲ. ಉಂಡರೆ ಆ ಪಾತ್ರೆಯನ್ನು ಒಡೆಯುತ್ತಾರೆ, ಇಲ್ಲವೆ ಅವನಿಗೇ ಕೊಟ್ಟುಬಿಡುತ್ತಾರೆ. ಆದರೂ ದಾರಿಹೋಕನಿಗೆ ಅಡಿಗೆ ಮಾಡಿ ಬಾಳೆಯ ಎಲೆಯ ಮೇಲೆ ಬಡಿಸುತ್ತಾರೆ. ಹಸಿದವನಿಗೆ ಅನ್ನವುಂಟು, ಪಾತ್ರೆಯಿಲ್ಲ. ನೂರಿಪ್ಪತ್ತೈದು ವರ್ಷಗಳ ತರುವಾಯ ಬಂದ ನಿಕಿತಿನನೂ ಇಂತಹುದನ್ನೇ ಕಂಡನು. ಮುಸಲ್ಮಾನನು ಗಡಿಗೆಯಲ್ಲಿ ಇಣಿಕಿ ನೋಡಿದರೂ ಹಿಂದೂಗಳು ಆ ಅಡಿಗೆಯನ್ನು ಉಣ್ಣುವುದಿಲ್ಲವೆಂದು ಅವನು ಬರೆದಿದ್ದಾನೆ.

ಆದರೂ ಪಿಂಗಾಣಿಯು ಮಡಿಯ ಮನೆಯನ್ನು ಒಂದು ಬಾಗಿಲಿನಿಂದ ಪ್ರವೇಶಿಸಿತು. ಅದು ಉಪ್ಪಿನಕಾಯಿಯ ಬಾಗಿಲು. ಉಪ್ಪು ಹುಳಿಗಳನ್ನು ತಾಮ್ರ ಹಿತ್ತಾಳೆಗಳಲ್ಲಿಟ್ಟರೆ ಕಿಲುಬು ಹಿಡಿಯುತ್ತದೆ. ಬರಿಯ ಮಣ್ಣಿನಲ್ಲಿಟ್ಟರೆ ಜಿನುಗುತ್ತದೆ. ಹೊಳಪಿನ ಲೇಪವುಳ್ಳ ಭರಣಿಯಲ್ಲಿ ಮಾತ್ರ ಕೆಡದೆ ನಿಲ್ಲುತ್ತದೆ. ಬರ್ಮಾ ದೇಶದ ಮರ್ತಬಾನ್ ಬಂದರಿನಿಂದ ಬರುತ್ತಿದ್ದ ದೊಡ್ಡ ಜಾಡಿಗಳಿಗೆ ಆ ಊರಿನ ಹೆಸರೇ ನಿಂತಿತು. ಹಿಂದೂಸ್ಥಾನಿಯಲ್ಲಿ ಇಂದಿಗೂ ಉಪ್ಪಿನಕಾಯಿಯ ಜಾಡಿಗೆ ಮರ್ತಬಾನ್ ಎಂದೇ ಹೇಳುವರು. ಶುಂಠಿ, ಮೆಣಸು, ನಿಂಬೆ, ಮಾವುಗಳನ್ನು ಉಪ್ಪಿನಲ್ಲಿ ಹಾಕಿ ತುಂಬಿದ ಇಂತಹ ಜಾಡಿಗಳನ್ನು ತನಗೆ ಕಡಲ ಪ್ರಯಾಣಕ್ಕಾಗಿ ಕಾಣಿಕೆ ಕೊಟ್ಟರೆಂದು ಇಬ್ನ್ ಬತೂತನೇ ಬರೆದಿದ್ದಾನೆ. ನಮ್ಮ ಅಜ್ಜಿಯ ಅಡಿಗೆಯ ಮನೆಯಲ್ಲಿಯೂ ಇಂತಹ ಭರಣಿಗಳು ಸಾಲಾಗಿದ್ದುವು. ಸ್ನಾನ ಮಾಡದೆ ಅವುಗಳನ್ನು ಮುಟ್ಟುವಂತಿರಲಿಲ್ಲ. ಹೀಗೆ ಒಂದೇ ಮನೆಯಲ್ಲಿ ಒಂದೇ ಜಾತಿಯ ಮಣ್ಣು ಎರಡು ಗತಿಗಳನ್ನು ಪಡೆದಿದ್ದಿತು. ಭರಣಿಯಾದರೆ ಒಳಗೆ, ಮಡಿಯಲ್ಲಿ. ಬಟ್ಟಲಾದರೆ ಹೊರಗೆ, ಗೂಡಿನಲ್ಲಿ. ಪ್ರಯೋಜನವಿದ್ದೆಡೆ ಶಾಸ್ತ್ರವು ಬಾಗುತ್ತದೆ. ಮನುಷ್ಯನು ಎದುರಿಗೆ ಬಂದೆಡೆ ಬಿಗಿಯುತ್ತದೆ.

ಕಮಲಾಪುರವೆಂಬ ಹೆಸರಿನ ಇನ್ನೊಂದು ಊರೂ ನಮ್ಮ ನಾಡಿನಲ್ಲುಂಟು. ಅದು ಹಂಪೆಯ ಮಗ್ಗುಲಿನದು. ಬಹಮನಿ ಸುಲ್ತಾನರು ಯಾವ ರಾಜ್ಯದೊಡನೆ ತಲೆತಲಾಂತರವಾಗಿ ಹೋರಾಡಿದರೋ ಆ ವಿಜಯನಗರದ ಅವಶೇಷಗಳನ್ನು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಕೂಡಿಸಿದ್ದಾರೆ. ಹಂಪೆಯಲ್ಲಿ ಶ್ರೀಮಂತರ ವಸತಿಯೆಂದು ಹೆಸರಿಟ್ಟಿರುವ ಭಾಗವನ್ನು ಅಗೆದಾಗ ಚೀನಾದ ಪಿಂಗಾಣಿಯ ಚೂರುಗಳು ದೊರೆತುವು. ಆದುದರಿಂದ ಪಿಂಗಾಣಿಯು ಸುಲ್ತಾನರ ಸ್ವತ್ತು ಮಾತ್ರವೇ ಆಗಿರಲಿಲ್ಲ. ವಿಜಯನಗರದ ದೊಡ್ಡ ಮನೆಗಳಿಗೂ ಅದು ಬಂದಿದ್ದಿತು. ಆದರೆ ಅಲ್ಲಿ ಅರಸನ ವೈಭವವನ್ನು ಸಾರುತ್ತಿದ್ದುದು ಲೋಹ. ಹದಿನಾರನೆಯ ಶತಮಾನದ ಪೋರ್ಚುಗೀಸ್ ವರ್ತಕ ನೂನಿಜನು ಆ ಅರಮನೆಯ ತಟ್ಟೆ, ತಂಬಿಗೆ, ಬಟ್ಟಲುಗಳೆಲ್ಲವೂ ಬೆಳ್ಳಿ ಬಂಗಾರದವೆಂದು ಹೇಳುತ್ತಾನೆ. 1443ರಲ್ಲಿ ಪಾರಸಿಕ ರಾಯಭಾರಿಯಾದ ಅಬ್ದುರ್ ರಜಾಕನನ್ನು ಇಮ್ಮಡಿ ದೇವರಾಯನು ಕರೆಸಿಕೊಂಡಾಗಲೆಲ್ಲ ಅವನಿಗೆ ವೀಳೆಯ, ಕರ್ಪೂರ, ಹಣದ ಚೀಲಗಳನ್ನು ಕೊಟ್ಟು ಮನ್ನಿಸುತ್ತಿದ್ದನು. ವೀಳೆಯಕ್ಕೆ ಎಂಜಲಿನ ತೊಡಕಿಲ್ಲ; ಅನ್ಯಮತದ ಅತಿಥಿಯನ್ನೂ ಅದರಿಂದ ಪೂರ್ಣವಾಗಿ ಗೌರವಿಸಬಹುದು. ಸಹಭೋಜನವಿಲ್ಲದ ಸಮಾಜವು ಮರ್ಯಾದೆಯನ್ನು ತೋರಿಸಲು ಕಂಡುಕೊಂಡ ಜಾಣ ಉಪಾಯವದು. ನಮ್ಮ ಅಜ್ಜಿಯೂ ಈ ಉಪಾಯವನ್ನು ಬಲ್ಲವರೇ. ಮಾಸ್ತರರಿಗೆ ಚಹಾದೊಡನೆ ಎರಡು ಕೆಂಪು ಬಾಳೆಯ ಹಣ್ಣುಗಳನ್ನು ಕೈಗೇ ಕೊಡುತ್ತಿದ್ದರು. ಹಣ್ಣಿಗೆ ಪಾತ್ರೆ ಬೇಡ. ಸಿಪ್ಪೆಯೇ ಅದರ ಪಾತ್ರೆ.

ಇನ್ನು ನಮ್ಮ ಕಾಲಕ್ಕೆ ಸಮೀಪ ಬರೋಣ. ನಿಜಾಮರ ರಾಜ್ಯದಲ್ಲಿ ಕಲಬುರಗಿಯು ಒಂದು ಸುಭೆಯ ಮುಖ್ಯಸ್ಥಳವಾಯಿತು. ಮುಂಬಯಿಯ ಕಡೆಯಿಂದ ಬಂದ ರೈಲು ಕಲಬುರಗಿಯನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಕಡೆಯ ದಾರಿಯನ್ನು ಕೂಡಿಕೊಂಡಿತು. ಹೈದರಾಬಾದಿನ ಅಮೀರರು ಯುರೋಪಿನ ಪಿಂಗಾಣಿಯನ್ನು ಪೆಟ್ಟಿಗೆಗಟ್ಟಲೆ ತರಿಸಿದರು. 1951ರಲ್ಲಿ ತೆರೆದ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಆ ಸಂಪತ್ತನ್ನು ಇಂದಿಗೂ ಕಾಣಬಹುದು. ಅವರನ್ನು ನೋಡಿ ಅಧಿಕಾರಿಗಳು, ಅಧಿಕಾರಿಗಳನ್ನು ನೋಡಿ ವಕೀಲರು, ವಕೀಲರನ್ನು ನೋಡಿ ಊರ ಸಾಹುಕಾರರು ಕಪ್ಪು ಬಶಿಗಳನ್ನು ಕೊಂಡರು. ಚಹಾ ಎಂಬ ಹೊಸ ಪಾನೀಯವು ಈ ಹೊಸ ಪಾತ್ರೆಯನ್ನು ಮನೆಮನೆಗೂ ಹೊತ್ತುಕೊಂಡು ಬಂದಿತು. ಆದರೆ ರೈಲು ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಎಂದು ಬೇರೆ ಬೇರೆಯಾಗಿಯೇ ಕೂಗುತ್ತಿದ್ದರು. ಪಾತ್ರೆ ಹೊಸದಾಯಿತು, ಪಂಕ್ತಿ ಹಳೆಯದಾಗಿಯೇ ಉಳಿಯಿತು.

ಇಲ್ಲಿಯೇ ನಾವು ಸೂಕ್ಷ್ಮವಾಗಿ ನೋಡಬೇಕಾದ ಒಂದು ಬದಲಾವಣೆಯುಂಟು. ಇಬ್ನ್ ಬತೂತನ ಕಾಲದಲ್ಲಿ ಅನ್ಯನು ಉಂಡ ಪಾತ್ರೆಯನ್ನು ಒಡೆಯುತ್ತಿದ್ದರು. ಅದು ಕಟುವಾದ ನಡತೆ. ಆದರೆ ಅದರಲ್ಲಿ ಮರೆಮಾಚುವುದೇನೂ ಇರಲಿಲ್ಲ. ಪಿಂಗಾಣಿಯ ಕಪ್ಪು ಬಂದ ಮೇಲೆ ಒಡೆಯುವ ಅಗತ್ಯವು ತಪ್ಪಿತು. ಬೆಲೆಯುಳ್ಳ, ಹೂವಿನ ಚಿತ್ತಾರವುಳ್ಳ ಒಂದು ಬಟ್ಟಲನ್ನು ಬೇರೆಯಾಗಿ ಇಟ್ಟುಕೊಂಡರೆ ಅತಿಥಿಗೆ ಮರ್ಯಾದೆಯೂ ಆಯಿತು, ಒಳಗಿನ ಮಡಿಗೂ ಭಂಗವಿಲ್ಲ. ಸುಲ್ತಾನನ ಮನೆಯಲ್ಲಿ ಪ್ರತಿಷ್ಠೆಯ ಗುರುತಾಗಿದ್ದ ವಸ್ತುವು ನಮ್ಮ ಪಡಸಾಲೆಯಲ್ಲಿ ಪ್ರತಿಷ್ಠೆಯ ವೇಷದಲ್ಲಿ ನಿಂತ ಬೇಲಿಯಾಯಿತು. ಅಷ್ಟಾದರೂ ಮಾಸ್ತರರು ಜಗುಲಿಯವರೆಗೆ ಬರುತ್ತಿದ್ದರು, ಅವರಿಗೆ ಬಟ್ಟಲೊಂದಿದ್ದಿತು. ಊರ ಹೊರಗಿನ ಕೇರಿಯವರಿಗೆ ಅದೂ ಇರಲಿಲ್ಲ. ಅವರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರ ಕಾನೂನು ಅದನ್ನು ದಂಡನಾರ್ಹವಾದ ಅಪರಾಧವನ್ನಾಗಿ ಮಾಡಿತು. ಆ ಮೇಲೆಯೂ ಹಳ್ಳಿಯ ಚಹಾದಂಗಡಿಗಳಲ್ಲಿ ಬೇರೆ ಲೋಟಗಳನ್ನು ಇಡುವ ಪದ್ಧತಿಯು ಅನೇಕ ಕಡೆಗಳಲ್ಲಿ ಉಳಿದುದನ್ನು ನಾವೆಲ್ಲರೂ ಬಲ್ಲೆವು.

ಇದಕ್ಕೆ ಬೇರೆಯಾದ ದಾರಿಯು ಈ ನಾಡಿಗೆ ತಿಳಿಯದುದೇನಲ್ಲ. ಕಮಲಾಪುರದ ದಾರಿಯನ್ನೇ ಹಿಡಿದು ಹುಮನಾಬಾದನ್ನು ದಾಟಿದರೆ ಬಸವಕಲ್ಯಾಣವು ದೂರವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಸೇರಿದ ಶರಣರು ಕುಲವನ್ನು ಕೇಳದೆ ಒಂದಾಗಿ ಉಂಡರು. ಕಲಬುರಗಿಯ ಶರಣಬಸವೇಶ್ವರರ ಹೆಸರು ದಾಸೋಹದಿಂದಲೇ ಬೆಳಗಿತು. ಖ್ವಾಜಾ ಬಂದೇ ನವಾಜರ ದರ್ಗಾದ ಉರುಸಿಗೆ ಎಲ್ಲ ಮತದವರೂ ಬರುತ್ತಾರೆ. ದಾಸೋಹದ ಪಂಕ್ತಿಯಲ್ಲಿ ಪ್ರಶ್ನೆಯು ಪಾತ್ರೆಯದಲ್ಲ, ಹಸಿವಿನದು. ಮುತ್ತಲದ ಎಲೆಯನ್ನು ಮಡಿಯವರು ಮೈಲಿಗೆಯ ಭಯದಿಂದ ಆರಿಸಿಕೊಂಡರು. ಅದೇ ಎಲೆಯನ್ನು ಎಲ್ಲರ ಮುಂದೆಯೂ ಒಂದೇ ಸಾಲಿನಲ್ಲಿ ಹಾಸಿದರೆ ಅದು ಸಮತೆಯ ಗುರುತಾಗುತ್ತದೆ. ಎಲೆಯಲ್ಲಿ ವ್ಯತ್ಯಾಸವಿಲ್ಲ, ಹಾಸುವ ಕೈಯಲ್ಲಿದೆ.

ಅಜ್ಜಿ ತೀರಿಕೊಂಡರು, ಮಾಸ್ತರರೂ ಇಲ್ಲ. ಅವರಿಬ್ಬರಲ್ಲಿ ಒಬ್ಬರಿಗೊಬ್ಬರ ಮೇಲೆ ನಿಜವಾದ ಗೌರವವಿದ್ದಿತೆಂಬುದಕ್ಕೆ ನಾನೇ ಸಾಕ್ಷಿ. ಅಜ್ಜನವರು ಹೋದ ದಿನ ಅಂಗಳದಲ್ಲಿ ಮೊದಲು ಬಂದು ಕುಳಿತವರು ಮಾಸ್ತರರು. ಆ ಗೌರವವು ಸುಳ್ಳಾಗಿರಲಿಲ್ಲ, ಆ ಗೂಡೂ ಸುಳ್ಳಾಗಿರಲಿಲ್ಲ; ಎರಡೂ ಒಂದೇ ಮನೆಯಲ್ಲಿದ್ದುವು. ಮನೆಯನ್ನು ಖಾಲಿ ಮಾಡುವಾಗ ಆ ಕಪ್ಪು ಬಶಿಗಳನ್ನು ನಾನು ತಂದಿಟ್ಟುಕೊಂಡೆನು. ಈಗ ಕಲಬುರಗಿಯ ನನ್ನ ಮನೆಯಲ್ಲಿ ಅವು ಉಳಿದ ಪಾತ್ರೆಗಳೊಡನೆಯೇ ಇವೆ. ಕೈಗೆ ಸಿಕ್ಕವರು ಅವುಗಳಲ್ಲಿ ಚಹಾ ಕುಡಿಯುತ್ತಾರೆ.

ಹಂಪೆಯ ಕಮಲಾಪುರಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ಆ ಚೂರುಗಳ ವಿಷಯದಲ್ಲಿ ನನಗೊಂದು ಯೋಚನೆ ಬರುತ್ತದೆ. ದೇಶ ಯಾವುದು, ಕಾಲ ಯಾವುದು, ದೊರೆತ ಸ್ಥಳ ಯಾವುದು ಎಂಬಿಷ್ಟನ್ನು ವಿದ್ವಾಂಸರು ಚೂರನ್ನು ನೋಡಿ ಹೇಳಬಲ್ಲರು. ಆ ಬಟ್ಟಲನ್ನು ಮನೆಯ ಯಾವ ಭಾಗದಲ್ಲಿಡುತ್ತಿದ್ದರು, ಅದರಲ್ಲಿ ಕುಡಿದವರು ಯಾರು, ಕುಡಿದ ಮೇಲೆ ತೊಳೆದವರು ಯಾರು ಎಂಬುದನ್ನು ಚೂರು ಹೇಳುವುದಿಲ್ಲ. ನಮ್ಮ ಮನೆಗಳ ಬಟ್ಟಲುಗಳ ವಿಷಯದಲ್ಲಾದರೋ ಅದನ್ನು ಹೇಳಬಲ್ಲವರು ಇನ್ನೂ ಬದುಕಿದ್ದಾರೆ. ಅವರನ್ನು ಕೇಳಿ ಬರೆದಿಡುವುದು ಚರಿತ್ರೆಯ ಕೆಲಸವೇ ಎಂದು ನನ್ನ ನಂಬಿಕೆ.